ನನ್ನದೂ ಒಂದು ಬಿ.ಪಿ. ಉಂಟು

ಮ್ಯಾನೇಜರರ ಮನೆಯಲ್ಲಿ ನಿನ್ನನ್ನು ಊಟಕ್ಕೆ ಕರೆದಿದ್ದಾರೆ ಎಂದು ನನ್ನ ಗಂಡ ಮಾಧವ ಹಲ್ಲು ಕಿಸಿದುಕೊಂಡು ಬಂದಾಗಲೇ ನನಗೆ ಅನುಮಾನ ಹತ್ತಿತು. ಆ ಮನೆಯ ನೆಲ ಒರೆಸಿದವಳು ನಾನು. ಕಕ್ಕಸು ತೊಳೆದವಳು ನಾನು. ಅಲ್ಲಿ ಕುಳಿತು ಒಂದು ಲೋಟ ನೀರು ಕುಡಿದವಳಲ್ಲ. ಈಗ ಇದ್ದಕ್ಕಿದ್ದ ಹಾಗೆ ಎಲೆ ಹಾಕಿ ಬಡಿಸುತ್ತೇವೆ ಎಂದರೆ ಯಾವ ಹೆಂಗಸಿಗಾದರೂ ಅನುಮಾನ ಬರಬೇಕು. ಬರಲಿಲ್ಲ ಎಂದರೆ ಅವಳು ಮಾಧವನ ಹಾಗೆ ಗಂಡಸಾಗಿರಬೇಕು.

ನಾನು ಚಂದ್ರಾವತಿ. ಉಡುಪಿ ಕಡೆಯ ಕೊರಗರ ಹೆಣ್ಣು. ಬುಟ್ಟಿ ಹೆಣೆಯುವವರು ನಾವು, ಡೋಲು ಬಡಿಯುವವರು ನಾವು, ಊರಿನವರು ಮುಟ್ಟದ್ದನ್ನೆಲ್ಲ ಎತ್ತಿ ಹಾಕುವವರೂ ನಾವೇ. ಮಾಧವ ಹತ್ತನೆಯವರೆಗೆ ಓದಿದ. ಮೀಸಲಾತಿಯಲ್ಲಿ ಬ್ಯಾಂಕಿನ ಜವಾನನ ಕೆಲಸ ಸಿಕ್ಕಿತು. ಹಾಕಿದ್ದು ಕಲ್ಕತ್ತೆಗೆ. ಅಷ್ಟು ದೂರ ಹೋದರೆ ಜಾತಿ ರೈಲಿನಲ್ಲೇ ಉಳಿದುಬಿಡುತ್ತದೆ ಎಂದು ನಾವು ನಂಬಿದ್ದೆವು. ಹೌರಾದಲ್ಲಿ ಇಳಿದು ನೋಡಿದರೆ ಅದು ನಮ್ಮ ಗಂಟುಮೂಟೆಗಿಂತ ಮೊದಲೇ ಇಳಿದು ಕಾಯುತ್ತಿತ್ತು.

ಬ್ಯಾಂಕಿನ ಮ್ಯಾನೇಜರು ನಿತ್ಯಾನಂದರಾಯರು ನಮ್ಮ ಸೀಮೆಯವರೇ. ಮೊದಲ ದಿನವೇ ಮಾಧವನನ್ನು ನಿಲ್ಲಿಸಿ, ಯಾವ ಊರು, ಯಾರ ಪೈಕಿ ಎಂದು ಕೇಳಿ, ಬೇಕಾದದ್ದನ್ನು ತಿಳಿದುಕೊಂಡರು. ಆಮೇಲೆ ನಗುತ್ತ ಹೇಳಿದರು: “ಹೆಂಡತಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಳಾ? ನಮ್ಮಲ್ಲಿಗೆ ಕಳಿಸು ಮಾರಾಯ. ಊರಿನವಳೊಬ್ಬಳು ಇದ್ದ ಹಾಗೆ ಆಯ್ತು.” ಅವರ ಮನೆಯಲ್ಲಿ ಬಂಗಾಳಿ ಕೆಲಸದವರು ನಿಲ್ಲುತ್ತಿರಲಿಲ್ಲ. ಅವರು ಭಾನುವಾರ ರಜೆ ಕೇಳುತ್ತಿದ್ದರು, ಪೂಜೆಗೆ ಹೊಸ ಸೀರೆ ಕೇಳುತ್ತಿದ್ದರು, ಬೈದರೆ ವಾಪಸು ಬೈಯುತ್ತಿದ್ದರು. ಊರಿನವಳು ಇದೊಂದನ್ನೂ ಮಾಡುವುದಿಲ್ಲ ಎಂದು ರಾಯರಿಗೆ ಗೊತ್ತಿತ್ತು.

ಮಾಧವ ಯೂನಿಯನ್ನಿನ ಮೆಂಬರು. ಕಲ್ಕತ್ತೆಯಲ್ಲಿ ಗೋಡೆ ಗೋಡೆಗೂ ಕತ್ತಿ ಸುತ್ತಿಗೆ, ವಾರ ವಾರಕ್ಕೂ ಮೆರವಣಿಗೆ. ಮಾಧವನೂ ಹೋಗುತ್ತಿದ್ದ. ಮುಷ್ಟಿ ಎತ್ತಿ ‘ಚೋಲ್ಬೇ ನಾ, ಚೋಲ್ಬೇ ನಾ’ ಎಂದು ಕೂಗಿ ಗಂಟಲು ಕೆಡಿಸಿಕೊಂಡು ಬರುತ್ತಿದ್ದ. ನಡೆಯುವುದಿಲ್ಲ, ನಡೆಯಲು ಬಿಡುವುದಿಲ್ಲ ಎಂದು ಅದರ ಅರ್ಥ. ಮರುದಿನ ಅದೇ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ರಾಯರ ಮುಂದೆ ನಿಲ್ಲುತ್ತಿದ್ದ. “ನಿಮ್ಮ ಚೋಲ್ಬೇ ನಾ ಎಲ್ಲಿಯವರೆಗೆ ಮಾರಾಯ್ರೇ? ಟ್ರಾಮ್ ಸ್ಟಾಪಿನವರೆಗಾ?” ಎಂದು ನಾನು ಕೆಣಕುತ್ತಿದ್ದೆ. ಅವನು ಸಿಟ್ಟು ಮಾಡಿಕೊಂಡು ಬೀಡಿ ಹಚ್ಚುತ್ತಿದ್ದ.

ಆ ವರ್ಷ ನಾನು ಬಸುರಿ. ಎರಡನೆಯ ಸಲ. ಮೊದಲನೆಯದು ಊರಿನಲ್ಲೇ ಆಗಿತ್ತು. ಕಾಲು ಬಾತಿತ್ತು, ತಲೆ ಸಿಡಿಯುತ್ತಿತ್ತು, ಬಸುರಿಗೆ ಇದೆಲ್ಲ ಇದ್ದದ್ದೇ ಎಂದರು. ಮಗು ಹೊಟ್ಟೆಯಲ್ಲೇ ಹೋಯಿತು. ಈ ಸಲವೂ ಏಳನೆಯ ತಿಂಗಳಿಗೆ ಕಾಲು ಬಾತಿತು. ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಕುಕ್ಕರಗಾಲಿನಲ್ಲಿ ಕೂತು, ಹೊಟ್ಟೆಯನ್ನು ಒಂದು ಪಕ್ಕಕ್ಕೆ ಸರಿಸಿಕೊಂಡು ನೆಲ ಒರೆಸುವಾಗ ಕಣ್ಣೆದುರು ಬೆಳಕಿನ ಚುಕ್ಕಿಗಳು ಹಾರುತ್ತಿದ್ದವು. ರಾಯರ ಹೆಂಡತಿ ವನಜಾಕ್ಷಮ್ಮ ನನ್ನ ಕಾಲು ನೋಡಿ, “ಕಲ್ಕತ್ತೆಯ ಊಟ ನಿನ್ನ ಮೈಗೆ ಹತ್ತಿದೆ” ಎಂದರು. ನಾನು ಹೆದರಿದ್ದೆ. ನನಗೆ ಆ ಮಗು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಬೇರೇನೂ ಬೇಕಿರಲಿಲ್ಲ.

ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿದ್ದವಳು ಒಬ್ಬ ಸಣ್ಣ ವಯಸ್ಸಿನ ಡಾಕ್ಟರ್ ದಿದಿ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದಳು, ನೋಡಿದಳು, ಮತ್ತೆ ಹಾಕಿದಳು. ಆಮೇಲೆ ಅವಳ ಹಿಂದಿಗೆ ನನ್ನ ಹಿಂದಿ ಸಾಲದು ಎಂದು ಗೊತ್ತಾಗಿ, ಕೊರಳಲ್ಲಿದ್ದ ಸ್ಟೆತಾಸ್ಕೋಪಿನ ಕೊಳವೆಯನ್ನು ಎರಡು ಬೆರಳಲ್ಲಿ ಹಿಂಡಿ ತೋರಿಸಿದಳು.

“ನಿನ್ನ ಮೈಯೊಳಗೆ ರಕ್ತ ಹರಿಯುವ ನಾಳಗಳು ಹೀಗೆ ಬಿಗಿದಿವೆ. ಹೃದಯ ಜೋರಾಗಿ ತಳ್ಳಬೇಕಾಗಿದೆ. ಮಗುವಿಗೆ ಹೋಗುವುದು ಮಾತ್ರ ಕಡಿಮೆ.”

“ಹಿಂಡುವುದು ಯಾರು ದಿದಿ?”

“ಅದು ಪೂರ್ತಿ ಯಾರಿಗೂ ಗೊತ್ತಿಲ್ಲ” ಎಂದು ನಕ್ಕಳು. ನನಗೆ ಒಂದೆರಡು ಹೆಸರು ಗೊತ್ತಿತ್ತು.

ಹಳದಿ ಮಾತ್ರೆ ಕೊಟ್ಟಳು. ಬಿಗಿತ ಸಡಿಲಾಗುವುದಕ್ಕೆ ಎಂದಳು. ಇದನ್ನು ಬಿಡಬೇಡ, ಬೇರೆ ಯಾವ ಬಿ.ಪಿ. ಮಾತ್ರೆಯನ್ನೂ ಬಾಯಿಗೆ ಹಾಕಬೇಡ, ಕೆಲವು ಮಾತ್ರೆಗಳು ದೊಡ್ಡವರಿಗೆ ಒಳ್ಳೆಯವು, ಹೊಟ್ಟೆಯ ಮಗುವಿಗೆ ವಿಷ ಎಂದಳು. ಉಪ್ಪು ಕಡಿಮೆ ಮಾಡು, ಹಗಲಲ್ಲಿ ಎಡಮಗ್ಗುಲಾಗಿ ಮಲಗು, ತಲೆ ಸಿಡಿದರೆ ಅಥವಾ ಕಣ್ಣೆದುರು ಚುಕ್ಕಿ ಕಂಡರೆ ಎಲ್ಲಿದ್ದೀಯೋ ಅಲ್ಲೇ ಮಲಗಿ ನನಗೆ ಹೇಳಿ ಕಳಿಸು ಎಂದಳು.

“ಮಲಗದಿದ್ದರೆ?”

“ನಿನಗೆ ಸೆಳೆತ ಬರಬಹುದು. ಮಗು ಹೋಗಬಹುದು. ನೀನೂ ಹೋಗಬಹುದು” ಎಂದಳು. ಈ ಸಲ ನಗಲಿಲ್ಲ.

ವನಜಾಕ್ಷಮ್ಮನಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ನಕ್ಕರು.

“ಬಿ.ಪಿ.ಯಾ? ನಿನಗಾ? ಬಿ.ಪಿ. ಬರುವುದು ಯೋಚನೆ ಮಾಡುವವರಿಗೆ ಮಾರಾಯ್ತಿ. ನಮ್ಮ ರಾಯರಿಗೆ ಉಂಟು, ಬ್ಯಾಂಕಿನ ತಲೆಬಿಸಿ. ನಿನಗೆ ಎಂತ ಯೋಚನೆ? ಒರೆಸಿದರೆ ಆಯ್ತು, ಹೋದರೆ ಆಯ್ತು.”

“ಸ್ವಲ್ಪ ಮಲಗಬೇಕು ಅಂತ ಹೇಳಿದ್ದಾರೆ ಅಮ್ಮ.”

“ಕೆಲಸ ಮಾಡಿದರೆ ಹೆರಿಗೆ ಸಲೀಸು. ಮಾತ್ರೆ ಬೇಕಾದರೆ ರಾಯರ ಹಳೆಯದು ಉಂಟು. ಅವರ ಡಾಕ್ಟರು ಬದಲಿಸಿದ್ದಾರೆ. ಸುಮ್ಮನೆ ಯಾಕೆ ಬಿಸಾಡುವುದು, ನೀನು ತಿನ್ನು.”

ಹಳೆಯ ಸೀರೆ ನನಗೆ. ನಿನ್ನೆಯ ಸಾರು ನನಗೆ. ರಾಯರ ಹಳೆಯ ಚಪ್ಪಲಿ ಮಾಧವನಿಗೆ. ಈಗ ಉಳಿದ ಮಾತ್ರೆಯೂ ನಮಗೇ. ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಅದೇ ನನಗೆ ಹೆಚ್ಚು ಉರಿಯಿತು. ಎರಡು ಕೈ ಚಾಚಿ ತೆಗೆದುಕೊಂಡು, ಕಕ್ಕಸು ತೊಳೆಯುವಾಗ ಅದರಲ್ಲೇ ಹಾಕಿ ನೀರು ಬಿಟ್ಟೆ. ಅವರ ಕೊಳವೆಯ ಬಿಗಿತವಾದರೂ ಸಡಿಲಾಗಲಿ ಎಂದುಕೊಂಡೆ.

ಅಷ್ಟರಲ್ಲಿ ಅವರ ಮಗಳು ಶೋಭನಾ ಚೊಚ್ಚಲ ಹೆರಿಗೆಗೆಂದು ಮುಂಬಯಿಯಿಂದ ತಾಯಿಮನೆಗೆ ಬಂದಳು. ಅವಳ ಕಾಲೂ ಬಾತಿತು. ಟ್ಯಾಕ್ಸಿ ಮಾಡಿಕೊಂಡು ಪಾರ್ಕ್ ಸ್ಟ್ರೀಟಿನ ದೊಡ್ಡ ಡಾಕ್ಟರಲ್ಲಿಗೆ ಹೋದರು. ಬಿ.ಪಿ. ಎಂದರು. ಸಾಕು, ಬೆಹಾಲಾ ಬಡಾವಣೆಯ ಆ ಮನೆಯಲ್ಲಿ ರೇಡಿಯೋ ನಿಂತಿತು, ಕುಕ್ಕರಿನ ಸೀಟಿ ನಿಂತಿತು, ರಾಯರು ಕೆಮ್ಮುವುದಕ್ಕೂ ಬಾಲ್ಕನಿಗೆ ಹೋಗತೊಡಗಿದರು. ಶೋಭನಾಳಿಗೆ ಹೊಸ ಹಾಸಿಗೆ, ಎಡಮಗ್ಗುಲಿಗೆ ಒಂದು ದಿಂಬು, ಬೆನ್ನಿಗೆ ಇನ್ನೊಂದು, ಮೂಸಂಬಿ ರಸ. ಅವಳಿಗೆ ಕೊಟ್ಟದ್ದೂ ಅದೇ ಹಳದಿ ಮಾತ್ರೆ. ಅವಳದು ಹೊಳೆಯುವ ಹಾಳೆಯಲ್ಲಿತ್ತು, ನನ್ನದು ಕಾಗದದ ಪೊಟ್ಟಣದಲ್ಲಿ. ಅವಳು ಅದನ್ನು ನುಂಗಿ ಮಲಗುತ್ತಿದ್ದಳು. ನಾನು ನುಂಗಿ ಅವಳ ಮಂಚದ ಅಡಿ ಒರೆಸುತ್ತಿದ್ದೆ.

ಹುಡುಗಿ ಕೆಟ್ಟವಳಲ್ಲ. ಒಂದು ದಿನ ಮಂಚದ ಮೇಲಿನಿಂದ ಬಗ್ಗಿ ನೋಡಿ, “ನಿನ್ನ ಕಾಲೂ ನನ್ನ ಹಾಗೇ ಉಂಟಲ್ಲ ಚಂದ್ರಾವತಿ” ಎಂದಳು.

“ಇಲ್ಲ ಶೋಭನಕ್ಕ. ನಿಮ್ಮದು ಬಿ.ಪಿ. ನನ್ನದು ಊಟ ಮೈಗೆ ಹತ್ತಿದ್ದು” ಎಂದೆ. ಅವಳಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಆಮೇಲೆ ಊರಿನಿಂದ ಫೋನು ಬಂತು. ರಾಯರ ದೊಡ್ಡ ಅತ್ತೆ, ಕಿವಿ ಕೇಳದ ಮುದುಕಿ. ಹಾಗಾಗಿ ಈ ಕಡೆ ವನಜಾಕ್ಷಮ್ಮ ಕಿರುಚಬೇಕು. ನಾನು ಅಲ್ಲೇ ನೆಲದ ಮೇಲಿದ್ದೆ.

“ಹೌದಾ ಅತ್ತೆ? ಹಾಗೆ ಮಾಡಿದರೆ ದೋಷ ಹೋಗ್ತದಾ? ಆದರೆ ಇದು ಕಲ್ಕತ್ತೆ ಅಲ್ವಾ, ಇಲ್ಲಿ ಕೊರಗರು ಎಲ್ಲಿ ಸಿಗ್ತಾರೆ?”

ಹೇಳಿ ಮುಗಿಸುವುದರೊಳಗೆ ಅವರ ಕಣ್ಣು ಕೆಳಗೆ ಬಿತ್ತು. ನಾನು ಒರೆಸುವ ಬಟ್ಟೆ ಹಿಂಡುತ್ತಿದ್ದೆ. ಕಳೆದುಹೋದ ಕೀಲಿಕೈ ತಮ್ಮ ಸೊಂಟದಲ್ಲೇ ಇತ್ತು ಎಂದು ಗೊತ್ತಾದವರ ಮುಖ ಅವರದಾಯಿತು. “ಸಿಕ್ಕಿತು ಅತ್ತೆ” ಎಂದು ಫೋನು ಇಟ್ಟರು. ಅದರ ಮರುದಿನವೇ ಮಾಧವ ಹಲ್ಲು ಕಿಸಿದುಕೊಂಡು ಬಂದದ್ದು. ಬರುವ ಭಾನುವಾರ ಶೋಭನಾಳ ಸೀಮಂತ, ನಿನಗೂ ಊಟ, ಹೊಸ ಸೀರೆ ಕೂಡ ಕೊಡುತ್ತಾರಂತೆ ಎಂದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ದೊಡ್ಡ ಮನೆಗಳಲ್ಲಿ ಹೀಗೊಂದು ಕ್ರಮವಿತ್ತು. ಬಸುರಿಗೆ ಏನಾದರೂ ತೊಂದರೆ ಕಂಡರೆ, ಅವಳ ಕೂದಲು, ಅವಳ ಉಗುರು ಕತ್ತರಿಸಿ ಅನ್ನದಲ್ಲಿ ಕಲಸುತ್ತಾರೆ. ಕೊರಗರನ್ನು ಕರೆದು ಉಣ್ಣಿಸುತ್ತಾರೆ. ಬಸುರಿಯ ದೋಷ ಉಂಡವರಿಗೆ ದಾಟುತ್ತದೆ ಎಂದು ಲೆಕ್ಕ. ನನ್ನ ಅಜ್ಜಿ ಹಾಗೆ ಎಷ್ಟು ಮನೆಗಳಲ್ಲಿ ಉಂಡಳೋ. “ಅನ್ನ ಇಳಿಯುತ್ತದೆ ಮಗಾ, ಕೂದಲು ಗಂಟಲಿನಲ್ಲೇ ಕೂತುಬಿಡುತ್ತದೆ” ಎನ್ನುತ್ತಿದ್ದಳು. ಬಸುರಿಯಾಗಿದ್ದಾಗಲೂ ಕರೆದಿದ್ದಾರೆ, ಹೋಗಿ ಉಂಡಿದ್ದಾಳೆ. ಅವಳು ಹೆತ್ತವುಗಳಲ್ಲಿ ಉಳಿದದ್ದು ನನ್ನ ಅಪ್ಪ ಒಬ್ಬನೇ. ಅನ್ನಕ್ಕೆ ಅಂಥ ಶಕ್ತಿ ಇಲ್ಲ, ಅದು ನನಗೂ ಗೊತ್ತು. ಹಸಿವಿಗೆ, ಕೆಲಸಕ್ಕೆ, ಔಷಧಿ ಇಲ್ಲದ್ದಕ್ಕೆ ಉಂಟು. ಆದರೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಇದನ್ನು ಹೇಳಿದಾಗ ಮಾಧವನ ಹಲ್ಲು ಒಳಗೆ ಹೋಯಿತು.

“ಛೆ, ಟ್ರಾಮು ಓಡುವ ಊರಲ್ಲಿ ಯಾರಾದರೂ ಹಾಗೆ ಮಾಡ್ತಾರಾ?” ಎಂದ.

“ಟ್ರಾಮಿನಲ್ಲೇ ಬಂದಿರಬೇಕು. ಭಾನುವಾರ ಹೋಗದಿದ್ದರೆ ಏನಾಗ್ತದೆ?”

ಅವನು ಬೀಡಿ ಹಚ್ಚಿದ. ರಾಯರು ಮನಸ್ಸು ಮಾಡಿದರೆ ಅವನನ್ನು ಯಾವ ಮೂಲೆಗಾದರೂ ಎಸೆಯಬಹುದಿತ್ತು. “ಹೋಗುತ್ತೇನೆ, ನೋಡಿಯೇ ಬರುವ” ಎಂದೆ.

ಭಾನುವಾರ ಹಾಲಿನ ತುಂಬ ಜನ. ಕನ್ನಡ ಸಂಘದ ಹೆಂಗಸರು, ಪಕ್ಕದ ಫ್ಲ್ಯಾಟಿನ ಬಂಗಾಳಿ ಹೆಂಗಸರು, ಅವರು ತಂದ ಸಂದೇಶ ಎಂಬ ಸಿಹಿತಿಂಡಿಯ ಪೊಟ್ಟಣಗಳು. ಶೋಭನಾ ಹಸಿರು ಬಳೆ ತೊಟ್ಟು ಕುರ್ಚಿಯಲ್ಲಿದ್ದಳು. ಮಾಧವ ರಜೆಯ ದಿನವೂ ಕಾಫಿ ಹಂಚುತ್ತಿದ್ದ. ನನ್ನನ್ನು ಹಿಂಬಾಗಿಲಿನಿಂದ ಕರೆದು ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ ನಿಲ್ಲಿಸಿದರು. ಅಲ್ಲಿ ಎಲೆ ಹಾಕಿತ್ತು. ಪಲ್ಯ, ಕೋಸಂಬರಿ, ಪಾಯಸ, ನಡುವೆ ಒಂದು ಅನ್ನದ ಉಂಡೆ. ನಾನು ಬಗ್ಗಿ ನೋಡಿದೆ. ಉಂಡೆಯಲ್ಲಿ ಕೂದಲಿತ್ತು. ಉಗುರಿನ ಚೂರುಗಳಿದ್ದವು. ಶೋಭನಾ ಹಚ್ಚಿಕೊಳ್ಳುತ್ತಿದ್ದ ಕೆಂಪು ಬಣ್ಣ ಅವಕ್ಕೆ ಹಾಗೆಯೇ ಅಂಟಿಕೊಂಡಿತ್ತು. ನನ್ನ ಅಜ್ಜಿಯ ಕಾಲದಲ್ಲಿ ಉಗುರಿಗೆ ಬಣ್ಣವಿರಲಿಲ್ಲ. ಅಷ್ಟು ಸುಧಾರಣೆಯಾಗಿದೆ.

“ಕೂತುಕೋ ಚಂದ್ರಾವತಿ” ಎಂದರು ವನಜಾಕ್ಷಮ್ಮ. ಅವರ ಬಾಯಲ್ಲಿ ನನಗೆ ಕೂತುಕೋ ಎಂಬ ಮಾತು ಬಂದದ್ದು ಅದೇ ಮೊದಲು.

“ನನಗೆ ಬೇಡ ಅಮ್ಮ.”

“ಹಾಗೆ ಹೇಳಬಾರದು. ಒಂದೇ ತುತ್ತು. ಉಳಿದದ್ದು ಬೇಕಾದರೆ ಬಿಡು. ನಮ್ಮ ಶೋಭನಾಳ ಜೀವದ ಪ್ರಶ್ನೆ.”

“ನನ್ನ ಜೀವ?”

“ನಿಮಗೆ ಅದೆಲ್ಲ ತಾಗುವುದಿಲ್ಲ. ನಿಮ್ಮ ಮೈ ಗಟ್ಟಿ. ಅನ್ನವೇ ಅಲ್ವಾ ಅದು?”

“ಅನ್ನವೇ ಆದರೆ ನೀವೇ ಒಂದು ತುತ್ತು ತಿನ್ನಿ. ಹೆತ್ತ ತಾಯಿ. ನಿಮ್ಮ ಮಗಳ ಉಗುರೇ ಅಲ್ವಾ?”

ಅವರು ಉಂಡೆಯನ್ನು ನೋಡಿದರು. ಮುಖ ಸೊಟ್ಟಗಾಯಿತು. ಸೆರಗು ಬಾಯಿಗೆ ಹೋಯಿತು. ದನಿ ಇಳಿಸಿ, “ಮಾಧವನ ಕೆಲಸ ಯಾರ ಕೈಯಲ್ಲಿ ಉಂಟು ಅಂತ ನೆನಪಿರಲಿ” ಎಂದರು.

ಆ ಮಾತಿಗೆ ನನ್ನೊಳಗೆ ಇದ್ದ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ನಗುವೇ ಬಂತು.

“ಅಮ್ಮ, ನಿಮಗೆ ಒಂದು ವಿಷಯ ಹೇಳಿದ್ದೆ, ನೀವು ನಂಬಲಿಲ್ಲ. ನನ್ನದೂ ಒಂದು ಬಿ.ಪಿ. ಉಂಟು. ಶೋಭನಕ್ಕಂದು ನೂರ ನಲವತ್ತು ಅಂತ ನೀವೇ ಫೋನಲ್ಲಿ ಕಿರುಚಿದಿರಿ. ನನ್ನದು ನೂರ ಐವತ್ತರ ಮೇಲೆ. ನಿಮ್ಮದು ಬಂದು ಇಲ್ಲಿ ಕೂರುವುದು ಎಲ್ಲಿ? ಜಾಗ ಇಲ್ಲ. ಬಂದರೂ ನನ್ನದು ಸುಮ್ಮನಿರುತ್ತದಾ? ದಾಟುವ ದಾರಿ ಒಂದು ಇದ್ದರೆ, ಆ ಕಡೆಯಿಂದಲೂ ದಾಟಬಹುದಲ್ಲ.”

ವನಜಾಕ್ಷಮ್ಮ ಎರಡು ಹೆಜ್ಜೆ ಹಿಂದೆ ಸರಿದರು. “ಈ ಕಡೆಗೆ ಬರುತ್ತದಾ?” ಎಂದು ಕೇಳಿದರು. ನಿಜವಾಗಿ ಕೇಳಿದರು. ಬಿ.ಎ. ಓದಿದವರು.

“ಅತ್ತೆಯವರನ್ನು ಕೇಳಿ ನೋಡಿ. ನನಗೇನು ಗೊತ್ತು, ನಾನು ಯೋಚನೆ ಮಾಡುವವಳಲ್ಲ.”

ಅಷ್ಟು ಹೇಳುವುದರೊಳಗೆ ತಲೆ ಸಿಡಿಯತೊಡಗಿತು. ಕಣ್ಣೆದುರು ಆ ಚುಕ್ಕಿಗಳು. ಎಲ್ಲಿದ್ದೀಯೋ ಅಲ್ಲೇ ಮಲಗು ಎಂದಿದ್ದಳು ಡಾಕ್ಟರ್ ದಿದಿ. ಬಾಲ್ಕನಿಯಲ್ಲಿ ಮಲಗುವಷ್ಟು ಜಾಗವಿರಲಿಲ್ಲ. ಬಾಲ್ದಿ, ಪೊರಕೆ, ಎಲೆ. ನಾನು ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಅಡುಗೆಮನೆ ದಾಟಿ ಹಾಲಿಗೆ ಹೋದೆ. ನೆಲ ಒರೆಸಲೂ ನನ್ನನ್ನು ಬಿಡದ ಆ ಅಡುಗೆಮನೆಯನ್ನು ಒಳಗಿನಿಂದ ನೋಡಿದ್ದು ಅಂದೇ. ಎಲೆಯನ್ನು ಸಂದೇಶದ ಪೊಟ್ಟಣಗಳ ನಡುವೆ ಇಟ್ಟೆ. ಗೋಡೆಗೆ ತಾಗಿ ರಾಯರ ದಿವಾನ ಇತ್ತು, ಮೇಲೆ ಕಸೂತಿಯ ಹಾಸು. ಅದರ ಮೇಲೆ ಎಡಮಗ್ಗುಲಾಗಿ ಮಲಗಿಕೊಂಡೆ.

ಸೋಬಾನೆ ಹೇಳುತ್ತಿದ್ದವರು ಅರ್ಧದಲ್ಲಿ ನಿಂತರು. ವನಜಾಕ್ಷಮ್ಮ ಹಿಂದೆಯೇ ಬಂದು, “ಏಳು, ಏಳು, ಎಂತ ಇದು, ಅದು ರಾಯರು ಕೂರುವ ಜಾಗ” ಎಂದರು. ಮುಟ್ಟಿ ಎಬ್ಬಿಸುವ ಹಾಗಿಲ್ಲ. ನಾನು ಕೊರಗರವಳು, ಅದರ ಮೇಲೆ ನೂರ ಐವತ್ತು. ನನ್ನ ಸುತ್ತ ಸುತ್ತಿದರು. ಮೆತ್ತಗಿತ್ತು ದಿವಾನ. ಅಷ್ಟು ದಿನ ಅದರ ಧೂಳು ಹೊಡೆದಿದ್ದೆ, ಎಷ್ಟು ಮೆತ್ತಗೆ ಎಂದು ಗೊತ್ತಿರಲಿಲ್ಲ.

ರಾಯರು ಬಂದರು. ನನ್ನನ್ನು ನೋಡಿದರು, ಜನರನ್ನು ನೋಡಿದರು. “ಮಾಧವ, ನಿನ್ನ ಹೆಂಡತಿಯನ್ನು ಎಬ್ಬಿಸಿ ಕರಕೊಂಡು ಹೋಗು” ಎಂದರು. ಬ್ಯಾಂಕಿನ ದನಿಯಲ್ಲಿ ಹೇಳಿದರು.

ಮಾಧವ ಕಾಫಿ ತಟ್ಟೆ ಹಿಡಿದು ನಿಂತಿದ್ದ. ಅವನು ಬಂದು ಎಳೆದರೆ ನಾನು ಏಳಬೇಕಿತ್ತು. ಅವನು ತಟ್ಟೆಯನ್ನು ಕೆಳಗಿಟ್ಟ. ಎಲೆಯ ಮೇಲಿದ್ದ ಉಂಡೆಯನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ದಿವಾನದ ಪಕ್ಕ ನೆಲದ ಮೇಲೆ ಕುಳಿತು, ನನ್ನ ಬಾತ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಮೆಲ್ಲಗೆ ಒತ್ತತೊಡಗಿದ.

“ಮಾಧವ, ನಾನು ಹೇಳಿದ್ದು ಕೇಳಿಸಿತಾ?”

“ಚೋಲ್ಬೇ ನಾ, ಸರ್” ಎಂದ ಮಾಧವ. ಮೆರವಣಿಗೆಯ ದನಿಯಲ್ಲ, ಪಿಸುಮಾತಿನ ದನಿ. ಸರ್ ಎನ್ನುವುದನ್ನೂ ಬಿಡಲಿಲ್ಲ, ಪಾಪ.

ಆ ಎರಡು ಶಬ್ದ ಆ ಊರಿನ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಂಗಾಳಿ ಹೆಂಗಸರು ಕೈಯಲ್ಲಿದ್ದ ತಟ್ಟೆ ಇಟ್ಟು ಏನಾಯಿತು, ಏನಾಯಿತು ಎಂದು ಹತ್ತಿರ ಬಂದರು. ಶೋಭನಾ ಕುರ್ಚಿಯಿಂದ ಬಗ್ಗಿ ಎಲೆ ನೋಡಿದಳು. ತನ್ನ ಬೆರಳು ನೋಡಿಕೊಂಡಳು.

“ಅಮ್ಮ, ಇದು ನನ್ನ ಉಗುರಲ್ವಾ? ಶಾಸ್ತ್ರಕ್ಕೆ ಅಂತ ಬೆಳಿಗ್ಗೆ ಕತ್ತರಿಸಿದ್ದು? ಇದನ್ನು ಯಾರಿಗೆ ಬಡಿಸಿದ್ದು?”

ಅವಳು ತನ್ನ ಬೆನ್ನಿನ ಹಿಂದಿದ್ದ ದಿಂಬನ್ನು ತೆಗೆದು ನನ್ನ ಕಡೆ ತಳ್ಳಿದಳು. ಆಮೇಲೆ ಬಾಯಿಗೆ ಕೈ ಹಿಡಿದುಕೊಂಡು ಬಚ್ಚಲಿಗೆ ಓಡಿದಳು. ಅದನ್ನು ತೊಳೆದವಳು ನಾನಲ್ಲ.

ಬಂಗಾಳಿ ಹೆಂಗಸೊಬ್ಬಳು ಕೆಳಗೆ ಹೋಗಿ ಟ್ಯಾಕ್ಸಿ ನಿಲ್ಲಿಸಿದಳು. ಹಾಗೆ ನಾನು ಮ್ಯಾನೇಜರರ ಮನೆಯ ಮುಂಬಾಗಿಲಿನಿಂದ ಹೊರಬಿದ್ದು ಆಸ್ಪತ್ರೆ ಸೇರಿದೆ. ಡಾಕ್ಟರ್ ದಿದಿ ಬೈದು ಮಲಗಿಸಿಕೊಂಡಳು, ಮಾತ್ರೆ ಹೆಚ್ಚಿಸಿದಳು.

ಮಾಧವನನ್ನು ಗಂಗೆಯ ಆಚೆ ದಡದ ಶಾಖೆಯ ದಾಸ್ತಾನು ಕೋಣೆಗೆ ಹಾಕಿದರು. ಯೂನಿಯನ್ನಿನವರು ಒಂದು ಮಧ್ಯಾಹ್ನ ರಾಯರಿಗೆ ಘೇರಾವ್ ಹಾಕಿದರು. ವರ್ಗ ರದ್ದಾಗಲಿಲ್ಲ, ರಾಯರ ಬಿ.ಪಿ. ಏರಿತು ಅಷ್ಟೆ. ದಿನಾ ಬಸ್ಸು, ದೋಣಿ, ಮತ್ತೆ ಬಸ್ಸು. ಬೈದುಕೊಂಡೇ ಹೋಗುತ್ತಾನೆ. ಆದರೆ ಈಗ ನಾನು ಟ್ರಾಮ್ ಸ್ಟಾಪಿನ ಮಾತು ಎತ್ತುವುದಿಲ್ಲ.

ಶೋಭನಾಳಿಗೆ ಗಂಡುಮಗುವಾಯಿತು ಎಂದು ಕೇಳಿದೆ. ಇಬ್ಬರೂ ಚೆನ್ನಾಗಿದ್ದಾರಂತೆ. ಮಾತ್ರೆ, ದಿಂಬು, ಮೂಸಂಬಿ, ಅಷ್ಟೇ ಸಾಕಾಯಿತು ನೋಡಿ.

ನನಗೆ ಹೆಣ್ಣು. ಸ್ವಲ್ಪ ಮುಂಚೆಯೇ ಬಂತು. ತೂಕ ಕಡಿಮೆ, ಗಂಟಲು ದೊಡ್ಡದು. ವಾರ್ಡಿನ ಆಚೆ ತುದಿಯವರೆಗೂ ಕೂಗಿತು. ಡಾಕ್ಟರ್ ದಿದಿ ಮತ್ತೆ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಬಿಟ್ಟು ನೋಡಿದಳು. ಮುಖ ಅರಳಿತು.

“ಇಳಿದಿದೆ. ಹೋದ ಸಲದ್ದು ಉಳಿಯಲಿಲ್ಲ ಅಂದೆಯಲ್ಲ. ಈ ಸಲ ಏನು ಬೇರೆ ಮಾಡಿದೆ?”

“ಮಾತ್ರೆ ತಿಂದೆ. ಎಡಮಗ್ಗುಲಾಗಿ ಮಲಗಿದೆ. ಒಂದು ಊಟ ಬಿಟ್ಟೆ.”

“ಊಟ ಬಿಡಬಾರದು. ಉಪ್ಪು ಕಡಿಮೆ ಮಾಡು ಅಂದಿದ್ದೆ, ಊಟ ಬಿಡು ಅಂತ ನಾನು ಯಾವಾಗ ಹೇಳಿದೆ?”

“ನೀವು ಹೇಳಲಿಲ್ಲ ದಿದಿ. ಅದು ನನ್ನ ಅಜ್ಜಿ ಬಿಡಬೇಕಾಗಿದ್ದ ಊಟ.”